ಒಲಿ ಇಲ್ಲ, ಫ್ರಿಜ್ ಇಲ್ಲ: ಬಾದಾಮಿ–ವಿಜಯಪುರ ಪ್ರವಾಸದಲ್ಲಿ ಕಡಿಮೆ ಖರ್ಚಿನ ಊಟ, ಪದೇ ಪದೇ ಕೇಳುವ ಪ್ರಶ್ನೆಗಳು

ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ, ವಿಜಯಪುರ, ಗೋಕಾಕ ಅಂತ ಮೂರು-ನಾಲ್ಕು ದಿನ ಸುತ್ತುವವರು ಊಟದ ಬಗ್ಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಕೇಳಿದ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇವೆ. ಉಳಿಯುವುದು ಸಾದಾ ಲಾಡ್ಜಿನಲ್ಲೋ ಯಾತ್ರಿ ನಿವಾಸದಲ್ಲೋ. ರೂಮಿನಲ್ಲಿ ಒಂದು ಮಂಚ, ಒಂದು ಫ್ಯಾನು, ಒಂದು ಪ್ಲಗ್ ಪಾಯಿಂಟ್, ಅಷ್ಟೇ. ಬೆಲೆಗಳು ಅಂದಾಜಿನವು. ಊರಿಂದ ಊರಿಗೆ, ಜಾತ್ರೆಯಿಂದ ಜಾತ್ರೆಗೆ ಬದಲಾಗುತ್ತವೆ.

## ಹೊರಡುವ ಮುಂಚೆ

ಅಡುಗೆಮನೆ ಇಲ್ಲ ಅಂದ್ಮೇಲೆ ಮೂರೂ ಹೊತ್ತು ಹೋಟೆಲ್ಲೇ ಗತಿ ಅಲ್ವಾ?

ಅಲ್ಲ. ಬೇರೆ ಕಡೆ ಆ ಮಾತು ನಿಜ ಇರಬಹುದು, ಈ ಸೀಮೆಯಲ್ಲಿ ಅಲ್ಲ. ಇಲ್ಲಿಯ ಜನ ಹೊಲಕ್ಕೆ, ಜಾತ್ರೆಗೆ, ಪಾದಯಾತ್ರೆಗೆ ಬುತ್ತಿ ಕಟ್ಟಿಕೊಂಡು ಹೋದವರು. ಫ್ರಿಜ್ ಅನ್ನುವ ಡಬ್ಬಿ ಬರುವ ಎಷ್ಟೋ ಮುಂಚೆಯೇ ಖಡಕ್ ರೊಟ್ಟಿ, ಹಿಂಡಿ (ಒಣ ಚಟ್ನಿಪುಡಿ), ಮಾದಲಿ (ಗೋಧಿ-ಬೆಲ್ಲದ ಪುಡಿ ಸಿಹಿ), ಕರದಂಟು (ಅಂಟು-ಬೆಲ್ಲದ ಸಿಹಿ) ಎಲ್ಲ ಇದ್ದವು. ಅವೆಲ್ಲ ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತವೆ.

ದಿನಕ್ಕೆ ಒಂದು ಬಿಸಿ ಊಟ ಮಧ್ಯಾಹ್ನ ಖಾನಾವಳಿಯಲ್ಲಿ, ಉಳಿದೆರಡು ಹೊತ್ತು ಒಣ ಬುತ್ತಿ, ಹಣ್ಣು, ಮೊಸರು. ಲೆಕ್ಕ ಇಷ್ಟೇ. ಬಿಸಿ ಊಟಕ್ಕೆ ಮಧ್ಯಾಹ್ನವನ್ನೇ ಆರಿಸಿಕೊಳ್ಳಲು ಕಾರಣ ಇದೆ: ಆಗಷ್ಟೇ ಮಾಡಿದ ಪಲ್ಯ ಸಿಗುವುದು ಆ ಹೊತ್ತಿಗೆ, ಬಿಸಿಲಿನಲ್ಲಿ ಒಂದು ತಾಸು ನೆರಳಿಗೆ ಕೂರಲು ಜಾಗ ಬೇಕಾಗುವುದೂ ಆ ಹೊತ್ತಿಗೇ.

ದಿನಕ್ಕ ಒಬ್ಬರಿಗೆ ಎಷ್ಟು ಖರ್ಚ ಬರ್ತೈತ್ರಿ?

ಖಾನಾವಳಿ ಊಟ 80ರಿಂದ 120 ರೂಪಾಯಿ. ಬೆಳಗಿನ ಅವಲಕ್ಕಿ-ಮೊಸರು ಮತ್ತು ರಾತ್ರಿಯ ರೊಟ್ಟಿ-ಹಿಂಡಿ-ಉಳ್ಳಾಗಡ್ಡಿ ಸೇರಿ 60ರಿಂದ 80. ಚಹಾ, ಬಾಳೆಹಣ್ಣು, ಸಂಜೆಯ ಒಂದು ತಾಟು ಮಿರ್ಚಿ ಬಜಿ ಅಂತ 50. ಒಟ್ಟು 200ರಿಂದ 250 ರೂಪಾಯಿಯೊಳಗೆ ಹೊಟ್ಟೆ ತುಂಬ ಉಣ್ಣಬಹುದು. ಇದು ಹದಗೆಡುವುದು ಊಟದಿಂದಲ್ಲ, ನೀರಿನ ಬಾಟಲಿ ಮತ್ತು ಕೂಲ್‌ಡ್ರಿಂಕ್‌ನಿಂದ. ನಾಲ್ಕು ಜನ ದಿನಕ್ಕೆ ಮೂರ್ಮೂರು ಬಾಟಲಿ ಕೊಂಡರೆ ಎರಡು ಊಟದ ದುಡ್ಡು ಅಲ್ಲೇ ಹೋಯಿತು.

ಬ್ಯಾಗಿನೊಳಗ ಪಾತ್ರೆ-ಪಗಡೆ ಏನೇನು ಇಟ್ಕೋಬೇಕು?

ಒಬ್ಬರಿಗೆ ಒಂದು ಸ್ಟೀಲ್ ತಾಟು, ಒಂದು ಲೋಟ, ಒಂದು ಚಮಚ. ಎಲ್ಲರಿಗೂ ಸೇರಿ ಎರಡು ಲೀಟರ್ ಹಿಡಿಯುವ ಮುಚ್ಚಳದ ಸ್ಟೀಲ್ ಡಬ್ಬಿ ಒಂದು (ಅವಲಕ್ಕಿ ಕಲಸಲು), ಬಿಗಿ ಮುಚ್ಚಳದ ಸಣ್ಣ ಡಬ್ಬಿ ಮೂರು (ಹಿಂಡಿ, ಉಪ್ಪು, ಬೆಲ್ಲ), ಸಣ್ಣ ಚಾಕು, ಒಂದು ಲೀಟರಿನ ಥರ್ಮಾಸ್, ಐದು ಲೀಟರಿನ ನೀರಿನ ಕ್ಯಾನು. ತೆಳು ಹತ್ತಿಯ ಹಳೆ ಪಂಚೆ ಅಥವಾ ಸೀರೆಯ ತುಂಡು ಎರಡು. ಒಂದು ರೊಟ್ಟಿ ಸುತ್ತಲು, ಇನ್ನೊಂದು ಮೊಸರು ತಂಪಾಗಿಡುವ ಗಡಿಗೆಗೆ (ಅದರ ಮಾತು ಮುಂದಿದೆ). ಪಾತ್ರೆ ತೊಳೆಯಲು ಸಾಬೂನಿನ ಚೂರು, ನಾರು. ಹಳೆ ಪೇಪರ್ ಮರೆಯಬೇಡಿ. ರೂಮಿನ ನೆಲದ ಮೇಲೆ ಹಾಸಿ ಉಂಡು ಮಡಚಿ ಬಿಸಾಕಿದರೆ ಇರುವೆ ಕಾಟ ಅರ್ಧ ಕಡಿಮೆ.

ನಾಲ್ಕು ಮಂದಿ, ಮೂರು ದಿನ. ಎಷ್ಟೆಷ್ಟು ಸಾಮಾನು ತಗೊಂಡ್ರ ಸಾಕು?

ಮೊದಲ ದಿನವೇ ಕೊಳ್ಳಬೇಕಾದದ್ದು: ಖಡಕ್ ರೊಟ್ಟಿ 30 (ಒಬ್ಬರಿಗೆ ರಾತ್ರಿಗೆ ಎರಡರಂತೆ 24, ಒಡೆಯುವುದಕ್ಕೂ ಹೆಚ್ಚು ಹಸಿವಿಗೂ 6), ಶೇಂಗಾ ಹಿಂಡಿ ಕಾಲು ಕಿಲೋ, ಗುರೆಳ್ಳು (ಹುಚ್ಚೆಳ್ಳು) ಅಥವಾ ಅಗಸಿ ಹಿಂಡಿ 100 ಗ್ರಾಂ, ತೆಳು ಅವಲಕ್ಕಿ ಅರ್ಧ ಕಿಲೋ, ಚುರಮುರಿ (ಮಂಡಕ್ಕಿ) ಕಾಲು ಕಿಲೋ, ಪುಟಾಣಿ (ಹುರಿಗಡಲೆ) ಕಾಲು ಕಿಲೋ, ಹುರಿದ ಶೇಂಗಾ ಅರ್ಧ ಕಿಲೋ, ಬೆಲ್ಲ ಕಾಲು ಕಿಲೋ, ಲಿಂಬೆಹಣ್ಣು ಹತ್ತು.

ದಿನದಿನಕ್ಕೆ ಕೊಳ್ಳಬೇಕಾದದ್ದು: ಮೊಸರು ಒಂದು ಲೀಟರ್, ಸವತಿಕಾಯಿ ಅರ್ಧ ಕಿಲೋ, ಉಳ್ಳಾಗಡ್ಡಿ ಎರಡು-ಮೂರು, ಬಾಳೆಹಣ್ಣು ಒಂದು ಡಜನ್.

ಪುಟಾಣಿ-ಶೇಂಗಾ ಬರೀ ಬಾಯಾಡಿಸಲು ಅಂದುಕೊಳ್ಳಬೇಡಿ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ, ಪುಟಾಣಿಯಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಇದೆ. ಬೇಳೆ ಬೇಯಿಸಲು ಆಗದ ರಾತ್ರಿಗಳಲ್ಲಿ ಬೇಳೆಯ ಜಾಗದಲ್ಲಿ ನಿಲ್ಲುವುದು ಇವೇ.

## ಖಾನಾವಳಿ, ಬುಟ್ಟಿ ರೊಟ್ಟಿ, ದಾಸೋಹ

ಖಾನಾವಳಿಗೂ ಹೋಟೆಲ್‌ಗೂ ಏನು ವ್ಯತ್ಯಾಸ? ಒಳಗೆ ಹೋಗಿ ಏನಂತ ಕೇಳಬೇಕು?

ಖಾನಾವಳಿ ಅಂದರೆ ಊಟದ ಮನೆ. ಇಡ್ಲಿ-ದೋಸೆ ಇರುವುದಿಲ್ಲ, ದೊಡ್ಡ ಮೆನು ಕಾರ್ಡ್ ಇರುವುದಿಲ್ಲ, ಬಹಳಷ್ಟು ಕಡೆ ಕಾರ್ಡೇ ಇರುವುದಿಲ್ಲ. ಜೋಳದ ರೊಟ್ಟಿ ಅಥವಾ ಚಪಾತಿ, ಒಂದು ಕಾಳಿನ ಪಲ್ಯ, ಒಂದು ಕಾಯಿಪಲ್ಯ (ಅದೃಷ್ಟ ಇದ್ದರೆ ಬದನೆಕಾಯಿ ಎಣ್ಣೆಗಾಯಿ), ಶೇಂಗಾ ಹಿಂಡಿ, ಕೆಂಪು ಖಾರ, ಹಸಿ ಮೆಂತ್ಯಸೊಪ್ಪು-ಸವತಿಕಾಯಿ-ಉಳ್ಳಾಗಡ್ಡಿ, ಮೊಸರು, ಕೊನೆಗೆ ಅನ್ನ-ಸಾರು. ಝುಣಕ (ಕಡಲೆಹಿಟ್ಟಿನ ಗಟ್ಟಿ ಪಲ್ಯ) ಇದೆಯೇ ಎಂದು ಕೇಳಿ. ಕೆಲವು ಕಡೆ ಕೇಳಿದವರಿಗಷ್ಟೇ ಬಡಿಸುತ್ತಾರೆ.

ಕೂರುವ ಮುಂಚೆ ಒಂದೇ ಪ್ರಶ್ನೆ ಕೇಳಿ: "ಊಟ ಫುಲ್ಲೋ, ಲೆಕ್ಕದ್ದೋ ರೀ?" ಫುಲ್ ಅಂದರೆ ರೊಟ್ಟಿ-ಪಲ್ಯ ಬೇಕಾದಷ್ಟು. ಲೆಕ್ಕದ್ದು ಅಂದರೆ ಎರಡು ರೊಟ್ಟಿ, ಆಮೇಲಿನದಕ್ಕೆ ಬೇರೆ ದುಡ್ಡು. ಸಣ್ಣ ಮಕ್ಕಳಿದ್ದರೆ ಫುಲ್ ಊಟ ನಾಲ್ಕು ಹೇಳುವ ಬದಲು ದೊಡ್ಡವರಿಗೆ ಎರಡು ಊಟ, ಮಕ್ಕಳಿಗೆ ಬಿಡಿ ಚಪಾತಿ, ಒಂದು ಬಟ್ಟಲು ಮೊಸರು ಹೇಳಿ. ಫುಲ್ ಊಟದ ತಾಟು ಒಂದರಲ್ಲಿ ಇಬ್ಬರು ಉಣ್ಣಲು ಹೋಗಬೇಡಿ. ಮಾಲೀಕರು ಬಾಯಿಬಿಟ್ಟು ಹೇಳದಿದ್ದರೂ ಅದು ಸರಿಯಲ್ಲ.

ಎಷ್ಟ ಹೊತ್ತಿಗೆ ಹೋದ್ರ ಬಿಸಿ ರೊಟ್ಟಿ ಸಿಗತಾವು?

ಮಧ್ಯಾಹ್ನ 12:30ರಿಂದ 2ರೊಳಗೆ. ರೊಟ್ಟಿ ಬಡಿಯುವ ಸಪ್ಪಳ ಹೊರಗೆ ಕೇಳಿಸಿದರೆ ಸರಿಯಾದ ಹೊತ್ತಿಗೆ ಬಂದಿದ್ದೀರಿ. ಮೂರೂವರೆ ಮೇಲೆ ಹೋದರೆ ಪಲ್ಯ ತಳ ಕಂಡಿರುತ್ತದೆ, ಬೆಳಿಗ್ಗೆ ಬಡಿದ ರೊಟ್ಟಿ ತೊಗಲಿನಂತಾಗಿರುತ್ತದೆ. ರಾತ್ರಿ ಎಂಟರ ಸುಮಾರಿಗೆ ಮತ್ತೆ ಒಲೆ ಹತ್ತುತ್ತದೆ.

ಮಕ್ಕಳು ಖಾರ ಮುಟ್ಟಲ್ಲ. ಅವರಿಗೇನು ಕೊಡೋದು?

ಬಿಸಿ ರೊಟ್ಟಿಗೆ ಬೆಣ್ಣೆ ಅಥವಾ ತುಪ್ಪ ಸವರಿ, ಬೆಲ್ಲ ಪುಡಿ ಮಾಡಿ ಉದುರಿಸಿ ಸುರುಳಿ ಸುತ್ತಿ ಕೊಡಿ. ಇಲ್ಲಿಯ ಮಕ್ಕಳೂ ಹಾಗೇ ಶುರು ಮಾಡುವುದು. ಪಲ್ಯ ಬೇಕೇ ಬೇಕು ಅಂದರೆ ಮಡಿಕೆ ಕಾಳಿನ ಪಲ್ಯಕ್ಕೆ ಅರ್ಧದಷ್ಟು ಮೊಸರು ಬೆರೆಸಿ. ಬಾಯಿ ಉರಿದರೆ ನೀರು ಕುಡಿಸಬೇಡಿ. ಮೆಣಸಿನಕಾಯಿಯ ಖಾರ ನೀರಿನಲ್ಲಿ ಕರಗುವುದಿಲ್ಲ, ಬಾಯಿತುಂಬ ಹರಡುತ್ತದೆ. ಮೊಸರು ಅಥವಾ ಹಾಲು ಕೊಟ್ಟರೆ ಇಳಿಯುತ್ತದೆ.

ಬನಶಂಕರಿಯಲ್ಲಿ ಬುಟ್ಟಿ ಇಟ್ಟುಕೊಂಡು ಕೂರೋ ಅಜ್ಜಿಯರ ಹತ್ತಿರ ರೊಟ್ಟಿ ತಿನ್ನಬಹುದಾ? ಹೊಟ್ಟೆ ಕೆಡಲ್ವಾ?

ತಿನ್ನಬಹುದು. ಬಾದಾಮಿಯಿಂದ ಐದು ಕಿಲೋಮೀಟರ್ ದೂರದ ಬನಶಂಕರಿಗೆ ಹೋಗಿ ಅದನ್ನು ತಿನ್ನದೆ ಬಂದರೆ ಪ್ರವಾಸದ ಅಗ್ಗದ ಮತ್ತು ರುಚಿಯ ಊಟ ಎರಡನ್ನೂ ಬಿಟ್ಟಂತೆ. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಮನೆಯಲ್ಲಿ ಬಡಿದ ರೊಟ್ಟಿ, ಪಲ್ಯ, ಚಟ್ನಿ, ಗಡಿಗೆ ಮೊಸರು ತಂದು ಗುಡಿಯ ಆವರಣದಲ್ಲಿ ಬಡಿಸುತ್ತಾರೆ.

ಹೊಟ್ಟೆಯ ಮಾತಿಗೆ ಬಂದರೆ, ಬುಟ್ಟಿಯೊಳಗಿನ ಎಲ್ಲವೂ ಒಂದೇ ಥರ ಅಲ್ಲ. ರೊಟ್ಟಿ ಒಣಗಿದ್ದು, ಹಿಂಡಿ ಒಣಗಿದ್ದು, ಕೆಂಪು ಖಾರದಲ್ಲಿ ಉಪ್ಪು-ಹುಳಿ ಜಾಸ್ತಿ, ಮೊಸರು ಹುಳಿ. ಇವು ಯಾವುವೂ ಸುಲಭಕ್ಕೆ ಕೆಡುವುದಿಲ್ಲ. ಹುಷಾರಾಗಿರಬೇಕಾದದ್ದು ಬೇಯಿಸಿದ ಕಾಳು-ಕಾಯಿಪಲ್ಯದ ಬಗ್ಗೆ. ಬೆಳಿಗ್ಗೆ ಹತ್ತು-ಹನ್ನೊಂದಕ್ಕೆ, ಆಗಷ್ಟೇ ಮಾಡಿ ತಂದದ್ದಾದರೆ ಹಾಕಿಸಿಕೊಳ್ಳಿ. ಮಾಡಿ ಬಹಳ ಹೊತ್ತಾಗಿದ್ದರೆ, ಬೇಸಿಗೆಯ ಮಧ್ಯಾಹ್ನವಂತೂ, "ಪಲ್ಯ ಬ್ಯಾಡ್ರಿ, ಹಿಂಡಿ ಮೊಸರ ಜಾಸ್ತಿ ಹಾಕ್ರಿ" ಅನ್ನಿ. ದರ ಮೊದಲೇ ಕೇಳಿ, ಆದರೆ ಐದು ರೂಪಾಯಿಗೆ ಜಗ್ಗಾಡಬೇಡಿ. ಚಿಲ್ಲರೆ ಇಟ್ಟುಕೊಂಡಿರಿ.

ದಾಸೋಹದಾಗ ಪ್ರವಾಸಿಗಳು ಉಂಡ್ರ ನಡೀತದೇನು?

ನಡೆಯುತ್ತದೆ. ಕೂಡಲಸಂಗಮದಲ್ಲಿ ಬಂದವರಿಗೆಲ್ಲ ದಾಸೋಹ ಉಂಟು, ಯಾರು ಯಾವೂರು ಎಂದು ಕೇಳುವುದಿಲ್ಲ. ಸಾಲಿನಲ್ಲಿ ಕೂರುವುದು, ಉಣ್ಣುವಷ್ಟೇ ಹಾಕಿಸಿಕೊಳ್ಳುವುದು, ತಾಟು ತೊಳೆಯುವ ಪದ್ಧತಿ ಇದ್ದಲ್ಲಿ ತೊಳೆದಿಡುವುದು, ಕಾಣಿಕೆ ಪೆಟ್ಟಿಗೆಗೆ ಮನಸ್ಸಿಗೆ ಬಂದಷ್ಟು ಹಾಕುವುದು. ಡಬ್ಬಿಗೆ ತುಂಬಿಸಿಕೊಂಡು ರಾತ್ರಿಗೆ ಒಯ್ಯುವುದು ಮಾತ್ರ ಬೇಡ. ಪ್ರಸಾದವನ್ನು ಬಜೆಟ್ಟಿನ ಲೆಕ್ಕಕ್ಕೆ ಸೇರಿಸಿ ಮೂರು ಹೊತ್ತೂ ಅಲ್ಲೇ ಕೂರುವವರೂ ಇದ್ದಾರೆ. ಅದು ಅವರವರ ಮನಸ್ಸಾಕ್ಷಿಗೆ ಬಿಟ್ಟದ್ದು.

ಇಂದಿರಾ ಕ್ಯಾಂಟೀನ್ ಬೆಂಗಳೂರಿಗಷ್ಟೇನಾ?

2017ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ ಆಮೇಲೆ ಜಿಲ್ಲಾ ಕೇಂದ್ರಗಳಿಗೂ ಬಂದಿದೆ. ನಾಷ್ಟಾ 5 ರೂಪಾಯಿ, ಊಟ 10 ರೂಪಾಯಿ. ತಿಂಡಿಯ ಸಂಖ್ಯೆ ಗೊತ್ತುಮಾಡಿದ್ದು, ಹೊತ್ತು ಮೀರಿದರೆ ಮುಗಿದಿರುತ್ತದೆ. ರಾತ್ರಿ ಬಸ್ಸಿಳಿದು ಬೆಳಿಗ್ಗೆ ರೂಮು ಸಿಗುವವರೆಗೆ ಕಾಯುವವರಿಗೆ ಒಳ್ಳೆ ಆಸರೆ.

## ಒಣ ಬುತ್ತಿ

ಖಡಕ್ ರೊಟ್ಟಿ ಎಷ್ಟು ದಿನ ಇರ್ತಾವ? ಅಷ್ಟು ಗಟ್ಟಿ ಇರೋದನ್ನ ತಿನ್ನೋದು ಹೆಂಗ?

ಒಣ ಹವೆಯಲ್ಲಿ ತಿಂಗಳುಗಟ್ಟಲೆ ಇರುತ್ತವೆ, ಏಕೆಂದರೆ ಅದರೊಳಗೆ ಬೂಷ್ಟು ಬೆಳೆಯಲು ಬೇಕಾದ ನೀರೇ ಉಳಿದಿರುವುದಿಲ್ಲ. ಬಿಸಿ ರೊಟ್ಟಿಯನ್ನು ಹಂಚಿನಿಂದ ತೆಗೆದ ಮೇಲೆ ಇನ್ನೊಮ್ಮೆ ಸಣ್ಣ ಉರಿಗೆ ಹಿಡಿದು, ನಿಲ್ಲಿಸಿ ಆರಿಸಿ ಒಣಗಿಸುತ್ತಾರೆ. ಈ ಎರಡನೆಯ ಕೆಲಸದಲ್ಲಿ ಅವಸರ ಮಾಡಿದ ರೊಟ್ಟಿ ನಡುವೆ ಮೆತ್ತಗೆ ಉಳಿದು ನಾಲ್ಕೇ ದಿನಕ್ಕೆ ಹಸಿರು ಚುಕ್ಕೆ ಬಿಡುತ್ತದೆ.

ಹಾಗಾಗಿ ಕೊಳ್ಳುವಾಗ ಕಟ್ಟಿನ ನಡುವಿನ ಒಂದನ್ನು ತೆಗೆಸಿ ಅಂಚು ಮುರಿದು ನೋಡಿ. "ಟಕ್" ಅಂತ ಮುರಿದರೆ ಸರಿ. ಬಾಗಿ ಆಮೇಲೆ ಹರಿದರೆ ಬೇಡ. ಸೀದ ಕಪ್ಪು ಕಲೆ ಇದ್ದರೆ ಅಡ್ಡಿಯಿಲ್ಲ, ಆದರೆ ಬೂದು ಅಥವಾ ಹಸಿರು ಕಲೆ ಇದ್ದರೆ ಇಡೀ ಕಟ್ಟು ಬಿಡಿ. ಊರಿನ ರೊಟ್ಟಿ ಕೇಂದ್ರಗಳಲ್ಲಿ ಎಣಿಸಿ ಕೊಡುತ್ತಾರೆ. ಸಜ್ಜೆ ರೊಟ್ಟಿಯೂ ಸಿಗುತ್ತದೆ. ಎಳ್ಳು ಹಚ್ಚಿದ್ದು ಬಹಳ ರುಚಿ, ಆದರೆ ಸಜ್ಜೆಯಲ್ಲಿ ಎಣ್ಣೆಯಂಶ ಹೆಚ್ಚು, ಹಳತಾದರೆ ಕಹಿ. ವಾರದೊಳಗೆ ತಿನ್ನುವುದಿದ್ದರಷ್ಟೇ ಕೊಳ್ಳಿ.

ತಿನ್ನಲು ಮೂರು ದಾರಿ. ಒಂದು, ಹಾಗೇ ಮುರಿದು ಹಿಂಡಿ-ಮೊಸರಿನ ಜೊತೆ. ಎರಡು, ರೊಟ್ಟಿಯ ಎರಡೂ ಬದಿ ಒದ್ದೆ ಕೈ ಸವರಿ ಒದ್ದೆ ಹಿಂಡಿದ ಬಟ್ಟೆಯಲ್ಲಿ ಸುತ್ತಿ ಐದರಿಂದ ಏಳು ನಿಮಿಷ ಬಿಡಿ, ಸುತ್ತುವಷ್ಟು ಮೆತ್ತಗಾಗುತ್ತದೆ. ನೀರು ಚಿಮುಕಿಸಿದರೆ ಬಿದ್ದಲ್ಲಿ ಹಿಟ್ಟಾಗಿ ಉಳಿದಲ್ಲಿ ಕಟಕಟ ಅನ್ನುತ್ತದೆ, ಕೈ ಸವರುವುದೇ ಸರಿ. ಹೀಗೆ ಮೆತ್ತಗಾದದ್ದನ್ನು ಮತ್ತೆ ಕಟ್ಟಿಗೆ ಸೇರಿಸಬೇಡಿ. ಮೂರು, ರಾತ್ರಿ ಹೋಟೆಲಿನಿಂದ ಒಂದು ಬಟ್ಟಲು ಬಿಸಿ ಸಾರು ಅಥವಾ ಬೇಳೆ ಮಾತ್ರ ಕಟ್ಟಿಸಿಕೊಂಡು, ತಾಟಿನಲ್ಲಿ ಎರಡು ರೊಟ್ಟಿ ಪುಡಿ ಮಾಡಿ ಮೇಲೆ ಸುರಿದು ಎರಡು ನಿಮಿಷ ಬಿಟ್ಟು ಉಣ್ಣುವುದು. ಒಂದು ಬಟ್ಟಲು ಸಾರಿನ ಖರ್ಚಿನಲ್ಲಿ ಇಬ್ಬರ ಬಿಸಿ ಊಟ. ಚೂರಾದ ರೊಟ್ಟಿಗೂ ಇದೇ ಗತಿ, ಇದೇ ಸದ್ಗತಿ.

ಯಾವ ಹಿಂಡಿ ತಗೋಬೇಕು? ಎಲ್ಲಾ ಒಂದೇ ಅಲ್ವಾ?

ಶೇಂಗಾ ಹಿಂಡಿ ಹೊಟ್ಟೆಗೆ, ಗುರೆಳ್ಳು ಮತ್ತು ಅಗಸಿ ರುಚಿಗೆ. ಪ್ರವಾಸಕ್ಕೆ ಶೇಂಗಾದ್ದೇ ಮುಖ್ಯ. ಒಂದು ಚಿಟಿಕೆ ಬೆರಳಲ್ಲಿ ಒತ್ತಿ ನೋಡಿ: ಎಣ್ಣೆ ಬಿಟ್ಟು ಉಂಡೆ ಕಟ್ಟಿದರೆ ಹೊಸತು. ಹಳೆ ಶೇಂಗಾದ ಕಮಟು ವಾಸನೆಯನ್ನು ಬೆಳ್ಳುಳ್ಳಿ-ಖಾರ ಮುಚ್ಚಿಡುತ್ತವೆ, ಅದಕ್ಕೇ ಮೂಗಿಗಿಂತ ನಾಲಿಗೆ ನಂಬಿ. ನುಂಗಿದ ಮೇಲೆ ಗಂಟಲಲ್ಲಿ ಕಹಿ ಉಳಿಯಬಾರದು.

ಡಬ್ಬಿಗೆ ಒಣ ಚಮಚವನ್ನಷ್ಟೇ ಹಾಕಿ. ಮೊಸರು ಹತ್ತಿದ ಚಮಚ ಒಂದು ಸಲ ಹೋದರೆ ಎರಡು ದಿನಕ್ಕೆ ಗಂಟುಗಟ್ಟಿ ಬೂಷ್ಟು ಬರುತ್ತದೆ. ಬೇಕಾದಷ್ಟು ತಾಟಿಗೆ ಹಾಕಿಕೊಂಡು ಅಲ್ಲೇ ಮೊಸರು ಬೆರೆಸಿ. ಹಸಿ ಚಟ್ನಿ, ಕೊಬ್ಬರಿ ಚಟ್ನಿ ಕಟ್ಟಿಸಿಕೊಳ್ಳಬೇಡಿ. ಬೇಸಿಗೆಯಲ್ಲಿ ಅವು ಒಂದು ಮಧ್ಯಾಹ್ನವನ್ನೂ ದಾಟುವುದಿಲ್ಲ.

ಒಲೆ ಇಲ್ಲದೆ ಬೆಳಗಿನ ನಾಷ್ಟಾ ಹೇಗೆ?

ಮೊಸರವಲಕ್ಕಿ. ಒಬ್ಬರಿಗೆ ಎರಡು ಹಿಡಿ (ಸುಮಾರು 60 ಗ್ರಾಂ) ತೆಳು ಅವಲಕ್ಕಿ, ಮುಕ್ಕಾಲು ಲೋಟ ಮೊಸರು, ಉಪ್ಪು, ಹೆಚ್ಚಿದ ಸವತಿಕಾಯಿ, ಒಂದು ಚಮಚ ಶೇಂಗಾ ಹಿಂಡಿ. ತೆಳು ಅವಲಕ್ಕಿ ತೊಳೆಯುವುದು ಬೇಡ, ಆರಿಸಿ ಕೊಡವಿ ನೇರ ಮೊಸರಿಗೆ ಹಾಕಿ ಐದು ನಿಮಿಷ ಬಿಟ್ಟರೆ ಸಾಕು. ದಪ್ಪ ಅವಲಕ್ಕಿ ತಂದಿದ್ದರೆ ಮೊದಲು ನೀರಿನಲ್ಲಿ ಹತ್ತು ನಿಮಿಷ ನೆನೆಸಿ ಹಿಂಡಬೇಕು, ಆ ನೀರು ಕುಡಿಯುವ ನೀರೇ ಆಗಿರಬೇಕು. ಇಲ್ಲಿ ಬಹಳ ಜನ ತಪ್ಪುತ್ತಾರೆ: ಬಾಟಲಿ ನೀರು ಕುಡಿದು, ಅವಲಕ್ಕಿಯನ್ನು ಬಚ್ಚಲಿನ ನಲ್ಲಿ ನೀರಲ್ಲಿ ನೆನೆಸುತ್ತಾರೆ.

ಮೊಸರು ಸಿಗದ ದಿನ ಚುರಮುರಿ. ಹೆಚ್ಚಿದ ಉಳ್ಳಾಗಡ್ಡಿ, ಟೊಮೆಟೊ, ಪುಟಾಣಿ, ಶೇಂಗಾ, ಖಾರದ ಪುಡಿ, ಲಿಂಬೆ ಹಿಂಡಿ ಕೊನೆಗೆ ಚುರಮುರಿ ಹಾಕಿ ತಕ್ಷಣ ತಿನ್ನಿ. ಚುರಮುರಿ ಮೊದಲು ಹಾಕಿದರೆ ಮೆತ್ತಗಾಗುತ್ತದೆ.

ಮೊಸರು ಫ್ರಿಜ್ ಇಲ್ಲದೆ ಎಷ್ಟು ಹೊತ್ತು ತಡೀತದ?

ಪ್ಯಾಕೆಟ್ ಮೊಸರು ಬೇಸಿಗೆಯ ರೂಮಿನಲ್ಲಿ ಬೆಳಗಿನಿಂದ ಸಂಜೆಯೊಳಗೆ ಚೆನ್ನಾಗಿ ಹುಳಿಯಾಗುತ್ತದೆ. ಅದನ್ನು ತಡೆಯಲು ಇಲ್ಲಿಯ ಒಣ ಹವೆಯೇ ಸಾಕು, ಒಂದು ಗಡಿಗೆ ಇದ್ದರೆ.

ಒಂದೂವರೆ ಲೀಟರಿನ ಮಣ್ಣಿನ ಗಡಿಗೆ ಕೊಳ್ಳಿ. ಬಣ್ಣ ಬಳಿದದ್ದು, ಹೊಳಪಿನದ್ದು ಬೇಡ. ಅದರ ಮೈಯಿಂದ ನೀರು ಜಿನುಗುವುದಿಲ್ಲ, ಜಿನುಗದಿದ್ದರೆ ತಂಪೂ ಇಲ್ಲ. ಹೊಸ ಗಡಿಗೆಯನ್ನು ಒಂದು ರಾತ್ರಿ ನೀರಲ್ಲಿ ಮುಳುಗಿಸಿಡಿ. ಬೆಳಿಗ್ಗೆ ಮೊಸರಿನ ಪ್ಯಾಕೆಟ್ಟನ್ನು ಹಾಗೇ ಒಳಗಿಟ್ಟು ಅದು ಮುಳುಗುವಷ್ಟು ನೀರು ಹಾಕಿ. ಗಡಿಗೆಯನ್ನು ಅಗಲ ತಾಟಿನಲ್ಲಿ ಕೂರಿಸಿ, ತಾಟಿಗೆ ಎರಡು ಬೆರಳು ನೀರು ಸುರಿದು, ಒದ್ದೆ ಹತ್ತಿ ಬಟ್ಟೆಯನ್ನು ಗಡಿಗೆಗೆ ಸುತ್ತಿ. ಬಟ್ಟೆಯ ತುದಿ ತಾಟಿನ ನೀರಿನಲ್ಲಿ ಮುಳುಗಿರಲಿ, ಆಗ ಬಟ್ಟೆ ತಾನೇ ನೀರು ಎಳೆದುಕೊಳ್ಳುತ್ತದೆ. ಕಿಟಕಿಯ ಹತ್ತಿರ, ಬಿಸಿಲು ಬೀಳದ, ಗಾಳಿ ಬೀಸುವ ಕಡೆ ಇಡಿ. ಮಂಚದ ಕೆಳಗೆ ತಂಪು ಅಂತ ಅಲ್ಲಿ ತಳ್ಳಿದರೆ ಕೆಲಸ ಕೆಟ್ಟಿತು. ನೀರು ಆವಿಯಾಗಿ ಹೋಗುವಾಗ ಗಡಿಗೆಯ ಕಾವನ್ನು ಹೊತ್ತೊಯ್ಯುತ್ತದೆ, ಗಾಳಿ ಆಡದಿದ್ದರೆ ಆವಿ ಹೋಗುವುದೆಲ್ಲಿಗೆ?

ಏಪ್ರಿಲ್‌ನ ವಿಜಯಪುರದಲ್ಲಿ ಹೊರಗೆ 40 ಡಿಗ್ರಿ ಇದ್ದಾಗ ಇದರೊಳಗೆ ಎಂಟು-ಹತ್ತು ಡಿಗ್ರಿ ಕಡಿಮೆ ಇರುತ್ತದೆ. ಮೊಸರಿಗೆ, ಸೊಪ್ಪಿಗೆ, ಸವತಿಕಾಯಿಗೆ ಅಷ್ಟು ಸಾಕು. ಹಸಿ ಹಾಲಿಗೆ, ಬೇಯಿಸಿದ ಪಲ್ಯಕ್ಕೆ, ಮಾಂಸಕ್ಕೆ ಸಾಲದು. ಚಹಾಕ್ಕೆ ಹಾಲು ಬೇಕಾದರೆ ಫ್ರಿಜ್ ಬೇಡದ ಟೆಟ್ರಾ ಪ್ಯಾಕಿನ ಸಣ್ಣ ಅಳತೆಯದ್ದು ಕೊಂಡು, ಒಡೆದ ಮೇಲೆ ಒಂದೇ ಸಲಕ್ಕೆ ಮುಗಿಸಿ.

ಹುಳಿಯಾದ ಮೊಸರು ಕೆಟ್ಟ ಮೊಸರಲ್ಲ. ನೀರು, ಉಪ್ಪು, ಜೀರಿಗೆ ಪುಡಿ ಹಾಕಿದರೆ ಮಜ್ಜಿಗೆ. ನೂಲಿನಂತೆ ಎಳೆ ಬಂದರೆ, ಗುಲಾಬಿ ಅಥವಾ ಹಸಿರು ಚುಕ್ಕೆ ಕಂಡರೆ, ಕಹಿ ಇದ್ದರೆ ಚೆಲ್ಲಿ.

ಯಾವ ಹಣ್ಣು ಬ್ಯಾಗಿನೊಳಗ ತಡೀತಾವು?

ದಾಳಿಂಬೆ. ಬಾಗಲಕೋಟೆ, ವಿಜಯಪುರ ಎರಡೂ ಕಡೆ ಬೆಳೆಯುತ್ತಾರೆ, ಗಟ್ಟಿ ಸಿಪ್ಪೆಯ ಕಾರಣ ವಾರಕ್ಕೂ ಮೇಲೆ ಇರುತ್ತದೆ. ಬ್ಯಾಗಿನ ತಳದಲ್ಲಿ ಹಾಕಿದರೂ ಅಡ್ಡಿಯಿಲ್ಲ. ಪೇರಲ ಎರಡು ದಿನ. ಬಾಳೆ ಅವತ್ತಿಂದ ಅವತ್ತಿಗೆ. ದ್ರಾಕ್ಷಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ವಿಜಯಪುರದಲ್ಲಿ ಅಗ್ಗ. ಆದರೆ ಔಷಧ ಹೊಡೆದ ಬೆಳೆ, ಉಪ್ಪುನೀರಲ್ಲಿ ಕಾಲು ತಾಸು ಇಟ್ಟು ಎರಡು ಸಲ ತೊಳೆದೇ ತಿನ್ನಿ. ಒಣದ್ರಾಕ್ಷಿ ಅಲ್ಲೇ ತೂಕದ ಮೇಲೆ ಕೊಂಡರೆ ಊರಿಗೂ ಆಯಿತು. ಟೊಮೆಟೊ ಅರೆಹಣ್ಣಾದದ್ದನ್ನು ಆರಿಸಿ.

ಕರದಂಟು ಒಯ್ಯಲೋ, ಕುಂದಾ ಒಯ್ಯಲೋ?

ದಾರಿಯಲ್ಲಿ ತಿನ್ನಲು ಅಮೀನಗಡ ಅಥವಾ ಗೋಕಾಕದ ಕರದಂಟು. ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿಯದ್ದು, ಹಾಲಿಲ್ಲ. ವಾರಗಟ್ಟಲೆ ಇರುತ್ತದೆ, ಒಂದು ತುಂಡು ತಿಂದು ನೀರು ಕುಡಿದರೆ ಎರಡು ತಾಸು ಹಸಿವಿಲ್ಲ. ಬೆಳಗಾವಿ ಕುಂದಾ ಹಾಲಿನದ್ದು, ಫ್ರಿಜ್ ಇಲ್ಲದೆ ಒಂದೆರಡು ದಿನವಷ್ಟೇ. ಅದನ್ನು ಊರಿಗೆ ವಾಪಸ್ ಹೊರಡುವ ದಿನ ಕೊಳ್ಳಿ. ಮನೆಯಿಂದ ತರುವುದಿದ್ದರೆ ಶೇಂಗಾ ಹೋಳಿಗೆ, ಮಾದಲಿ ಚೆನ್ನ. ಬೇಳೆ ಹೋಳಿಗೆಯ ಹೂರಣ ಒದ್ದೆ, ಎರಡನೆಯ ದಿನಕ್ಕೇ ಹಳಸುತ್ತದೆ.

## ರೂಮಿನಲ್ಲಿ, ರಸ್ತೆಯಲ್ಲಿ, ಕೆಟ್ಟಾಗ

ಲಾಡ್ಜ್‌ನ್ಯಾಗ ಕೆಟಲ್ ಹಚ್ಚಿದ್ರ ಕರೆಂಟ್ ಹೋಗ್ತದ, ಯಾಕ?

ಮಂಚದ ಪಕ್ಕದ ಸಣ್ಣ ಪ್ಲಗ್ 6 ಆಂಪಿಯರಿನದ್ದು. 230 ವೋಲ್ಟಿಗೆ ಅದು ತಡೆಯುವುದು 1380 ವಾಟ್. ಮನೆಯ ಕೆಟಲ್ 1500 ವಾಟ್. ಫ್ಯೂಸ್ ಹೋದರೆ ಪುಣ್ಯ, ಹೋಗದಿದ್ದರೆ ಪ್ಲಗ್ ಕರಗುತ್ತದೆ. 600 ವಾಟಿನ ಪ್ರವಾಸದ ಕೆಟಲ್ ಮೂರು ಆಂಪಿಯರಿನೊಳಗೇ ಮುಗಿಯುತ್ತದೆ, ಅರ್ಧ ಲೀಟರ್ ಕುದಿಯಲು ಐದಾರು ನಿಮಿಷ. ಮೊದಲು ಲಾಡ್ಜಿನವರನ್ನು ಕೇಳಿ. ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ತರಲೇಬೇಡಿ. ಕೆಟಲ್ ಬೇಡ ಅಂದರೆ ಬೆಳಿಗ್ಗೆ ಚಹಾದಂಗಡಿಯಲ್ಲಿ ಚಹಾ ಕುಡಿದು ಥರ್ಮಾಸಿಗೆ ಕುದಿನೀರು ಕೇಳಿದರೆ ಹಾಕಿಕೊಡುತ್ತಾರೆ, ಐದು-ಹತ್ತು ರೂಪಾಯಿ ಕೊಡಿ.

ಬರೀ ಕುದಿನೀರಲ್ಲಿ ಉಪ್ಪಿಟ್ಟು ಆಗುತ್ತಾ?

ಆಗುತ್ತದೆ, ಸಣ್ಣ ರವೆಯಾದರೆ. ಮನೆಯಲ್ಲಿ ಕಾಲು ಕಿಲೋ ರವೆಗೆ ಮೂರು ಚಮಚ ಎಣ್ಣೆ, ಸಾಸಿವೆ, ಉದ್ದಿನಬೇಳೆ, ಕರಿಬೇವು, ಒಣಮೆಣಸಿನಕಾಯಿ, ಉಪ್ಪು ಹಾಕಿ ಕರಿಬೇವು ಪುಡಿಯಾಗುವವರೆಗೆ ಹುರಿದು ಆರಿಸಿ ಡಬ್ಬಿಗೆ ತುಂಬಿ. ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ ಹಾಕಬಾರದು, ನೀರಿನಂಶ ಉಳಿದು ಕೆಡುತ್ತದೆ. ತಿನ್ನುವಾಗ ಒಂದು ಲೋಟಕ್ಕೆ ಎರಡು ಲೋಟ ಕುದಿನೀರು, ತಿರುವಿ ಮುಚ್ಚಿ, ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ ಹತ್ತು ನಿಮಿಷ. ನೀರು ಬರೀ ಬಿಸಿ ಇದ್ದು ಕುದಿಯದಿದ್ದರೆ ಒಳಗೆ ಮರಳು ಮರಳಾಗಿ ಉಳಿಯುತ್ತದೆ.

ರಾತ್ರಿ ಕಟ್ಟಿಸಿಕೊಂಡ ಅನ್ನ-ಪಲ್ಯ ಬೆಳಿಗ್ಗೆ ತಿಂದರೆ ಏನಾಗುತ್ತೆ? ವಾಸನೆ ಚೆನ್ನಾಗೇ ಇರುತ್ತಲ್ಲ?

ಅನ್ನದ ವಿಷಯದಲ್ಲಿ ವಾಸನೆಯನ್ನು ನಂಬಬಾರದು. ಅಕ್ಕಿಯಲ್ಲಿರುವ ಕೆಲವು ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಅವು ಬೆಳೆದು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬೇಯಿಸಿದ ಯಾವುದೇ ಒದ್ದೆ ಅಡುಗೆ ಹೊರಗೆ ಎರಡು ತಾಸು, ಕಡು ಬೇಸಿಗೆಯಲ್ಲಿ ಒಂದು ತಾಸು. ಅದರ ಮೇಲೆ ಬೇಡ. ಕಟ್ಟಿಸಿಕೊಂಡರೆ ರೂಮಿಗೆ ಹೋದ ತಕ್ಷಣ ಉಣ್ಣಿ. ಸಾವಜಿ ಊಟದ (ಇಲ್ಲಿಯ ಖಾರದ ಮಾಂಸದೂಟ) ಸಾರು ಉಳಿದರೆ ಉಳಿಯಲಿ, ಬೆಳಿಗ್ಗೆಗೆ ಇಡಬೇಡಿ.

ಬಾದಾಮಿಯ ಮಂಗಗಳಿಂದ ಊಟ ಉಳಿಸೋದು ಹೇಗೆ?

ಮೇಣಬಸದಿಗಳ (ಗುಹಾಲಯಗಳ) ಮೆಟ್ಟಿಲು ಹತ್ತುವಾಗ ಕೈಯಲ್ಲಿ ಪ್ಲಾಸ್ಟಿಕ್ ಚೀಲ ಇರಕೂಡದು. ಮಂಗಗಳಿಗೆ ಚೀಲದ ಸರಪರ ಸಪ್ಪಳವೇ ಊಟದ ಗಂಟೆ. ತಿನ್ನುವುದೆಲ್ಲ ಬುಡದಲ್ಲೇ ಬಿಟ್ಟು ಹೋಗಿ, ಇಲ್ಲವೇ ಜಿಪ್ ಇರುವ ಬೆನ್ನಚೀಲದಲ್ಲಿ ಡಬ್ಬಿಯೊಳಗಿಡಿ. ಕಸಿದುಕೊಂಡರೆ ಜಗ್ಗಬೇಡಿ, ಬಿಟ್ಟುಬಿಡಿ. ಬಾಳೆಹಣ್ಣಿಗಿಂತ ಕಚ್ಚಿಸಿಕೊಂಡ ಮೇಲಿನ ಇಂಜೆಕ್ಷನ್ನು ದುಬಾರಿ. ಲಾಡ್ಜಿನಲ್ಲೂ ಹೊರಗೆ ಹೋಗುವಾಗ ಕಿಟಕಿ ಮುಚ್ಚಿ. ಗಡಿಗೆಗೆ ಗಾಳಿ ಬೇಕು ಅಂದರೆ ಸರಳು ಒತ್ತಾಗಿರುವ ಬಚ್ಚಲ ಕಿಟಕಿ ತೆರೆದಿಡಿ.

ಪಟ್ಟದಕಲ್ಲು, ಐಹೊಳೆ ಒಂದೇ ದಿನ ಮಾಡೋದಿದ್ದರೆ ಊಟ ಎಲ್ಲಿ?

ಪಟ್ಟದಕಲ್ಲು ಬಾದಾಮಿಯಿಂದ 22 ಕಿಲೋಮೀಟರ್, ಐಹೊಳೆ ಅಲ್ಲಿಂದ ಇನ್ನೂ ಮುಂದೆ. ಎರಡೂ ಕಡೆ ಚಹಾ, ಬಜಿ, ಎಳನೀರು ಸಿಕ್ಕೀತು, ನಂಬಿ ಹೋಗುವಂಥ ಊಟ ಕಡಿಮೆ. ಹಾಗಾಗಿ ಅವತ್ತಿನ ಮಟ್ಟಿಗೆ ಲೆಕ್ಕ ತಿರುವಿ: ಬೆಳಿಗ್ಗೆ ಬಾದಾಮಿಯಲ್ಲಿ ಪೂರಿಯೋ ಇಡ್ಲಿಯೋ ಗಟ್ಟಿಯಾಗಿ ತಿಂದು ಹೊರಡಿ, ಮಧ್ಯಾಹ್ನಕ್ಕೆ ಒಣ ಬುತ್ತಿ, ರಾತ್ರಿ ಬಾದಾಮಿಗೆ ಬಂದು ಖಾನಾವಳಿ. ಪುರಾತತ್ವ ಇಲಾಖೆಯ ಸ್ಮಾರಕದ ಒಳಗೆ ತಿನ್ನಲು ಬಿಡುವುದಿಲ್ಲ, ಗೇಟಿನ ಹೊರಗೆ ಮರದ ನೆರಳು ನೋಡಿಕೊಳ್ಳಿ. ಐಹೊಳೆಯಿಂದ ಅಮೀನಗಡದ ಕಡೆ ಹೋಗುವವರಿಗೆ ಕರದಂಟು ದಾರಿಯಲ್ಲೇ ಸಿಕ್ಕಿತು.

ನೀರಿಗೇ ಇಷ್ಟು ದುಡ್ಡು ಹೋಗ್ತದಲ್ಲ, ಏನು ಮಾಡೋದು?

ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ನಾಣ್ಯ ಹಾಕಿದರೆ 20 ಲೀಟರ್ ಬರುತ್ತದೆ, ನಿಮ್ಮ ಐದು ಲೀಟರಿನ ಕ್ಯಾನು ತುಂಬಿಸಿ ಉಳಿದದ್ದನ್ನು ಹಿಂದೆ ನಿಂತವರ ಕೊಡಕ್ಕೆ ಬಿಡಿ. 5 ರೂಪಾಯಿ ನಾಣ್ಯ ನಾಲ್ಕು ಇಟ್ಟುಕೊಂಡಿರಿ. ಬಾಟಲಿ ಕೊಳ್ಳಲೇಬೇಕಾದರೆ ಅಚ್ಚಾದ ಗರಿಷ್ಠ ಬೆಲೆಗಿಂತ "ಕೂಲಿಂಗ್ ಚಾರ್ಜ್" ಅಂತ ಹೆಚ್ಚು ಕೇಳಿದರೆ ಕೊಡಬೇಕಾಗಿಲ್ಲ.

ಮಳೆಗಾಲದಾಗ ಬೆಳಗಾವಿ, ಗೋಕಾಕ ಫಾಲ್ಸ್ ಕಡೆ ಹೊಂಟೀವಿ. ಇದೇ ಪದ್ಧತಿ ನಡೀತದ?

ಅರ್ಧ ನಡೆಯುತ್ತದೆ. ಬೆಳಗಾವಿಯ ಜುಲೈ ಹವೆಯಲ್ಲಿ ಖಡಕ್ ರೊಟ್ಟಿ ಬಿಟ್ಟಿಟ್ಟರೆ ಒಂದೇ ರಾತ್ರಿಗೆ ಮೆತ್ತಗಾಗಿ ಮೂರನೆಯ ದಿನಕ್ಕೆ ಬೂಷ್ಟು. ಎರಡು ದಿನಕ್ಕಾಗುವಷ್ಟೇ ಕೊಂಡು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಕಟ್ಟಿ ಡಬ್ಬಿಯಲ್ಲಿಡಿ. ಗಡಿಗೆ ಉಪಾಯ ಕೆಲಸ ಮಾಡುವುದಿಲ್ಲ, ಗಾಳಿಯೇ ಒದ್ದೆ ಇರುವಾಗ ನೀರು ಆವಿಯಾಗುವುದಿಲ್ಲ. ಹೇಗೂ ಚಳಿ, ಮೊಸರು ಅಷ್ಟು ಬೇಗ ಹುಳಿಯಾಗುವುದೂ ಇಲ್ಲ. ಅಲ್ಲಿ ರಾತ್ರಿಗೂ ಬಿಸಿಯದ್ದೇ ನೋಡಿ. ಮರಾಠಿ ರುಚಿಯ ಮಿಸಳ್-ಪಾವ್, ಉಸಳ ಬೆಳಗಾವಿಯಲ್ಲಿ ಅಗ್ಗಕ್ಕೆ ಸಿಗುತ್ತವೆ. ಹಸಿ ಸೊಪ್ಪು, ಹೆಚ್ಚಿಟ್ಟ ಹಣ್ಣು ಮಳೆಗಾಲಕ್ಕೆ ಬೇಡ.

ಇಷ್ಟೆಲ್ಲ ಮಾಡಿಯೂ ಹೊಟ್ಟೆ ಕೆಟ್ಟರೆ?

ಒಆರ್‌ಎಸ್ ಪ್ಯಾಕೆಟ್ ನಾಲ್ಕು ಬ್ಯಾಗಿನಲ್ಲಿರಲಿ. ಒಂದು ಲೀಟರಿನ ಪ್ಯಾಕೆಟ್ಟನ್ನು ಒಂದು ಲೀಟರ್ ನೀರಿಗೇ ಹಾಕಿ. ರುಚಿಗೆ ಅಂತ ಒಂದು ಲೋಟಕ್ಕೆ ಇಡೀ ಪ್ಯಾಕೆಟ್ ಸುರಿದರೆ ಭೇದಿ ಹೆಚ್ಚುತ್ತದೆ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಗುಟುಕು ಗುಟುಕಾಗಿ ಕುಡಿಸಿ, 24 ತಾಸಿನ ಮೇಲೆ ಉಳಿದದ್ದನ್ನು ಚೆಲ್ಲಿ. ಊಟಕ್ಕೆ ಮಜ್ಜಿಗೆ-ಅನ್ನ, ಬಾಳೆಹಣ್ಣು. ಹಿಂಡಿ-ಖಾರ ಬಂದ್. ಮಲದಲ್ಲಿ ರಕ್ತ ಕಂಡರೆ, ಜ್ವರ ಬಂದರೆ, ಮಗು ಆರು ತಾಸು ಮೂತ್ರ ಮಾಡದಿದ್ದರೆ ಔಷಧದಂಗಡಿಯಲ್ಲಿ ಗುಳಿಗೆ ಕೇಳುತ್ತ ನಿಲ್ಲದೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ.